ಊಟದ ಹೊತ್ತಿನ ಲಾರ್ಗೊ

ಸೆಕ್ಟರ್ ಫೈವಿನ ಹನ್ನೆರಡು ಮಹಡಿಯ ಗಾಜಿನ ಕಟ್ಟಡದಲ್ಲಿ ನಾನೂರು ಮಂದಿ ಮಧ್ಯಾಹ್ನದ ಊಟಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂಬುದನ್ನು ಒಬ್ಬ ಮನುಷ್ಯ ಮೂರು ದಿನ ಕಂಬದ ಮರೆಯಲ್ಲಿ ನಿಂತು, ಗಡಿಯಾರ ಹಿಡಿದು ಅಳೆದ. ಮೂವತ್ತೆಂಟು ನಿಮಿಷ ಎಂದು ಬಂತು. ಕಂಪನಿಗೆ ಎದೆಯೊಡೆಯಿತು. ಅಮೆರಿಕದಲ್ಲಿ ಯಾರದೋ ವಿಮೆಯ ಅರ್ಜಿ ಕಾದು ಕೂತಿರುವಾಗ, ಕೋಲ್ಕತ್ತದಲ್ಲಿ ಒಬ್ಬ ಗುಮಾಸ್ತ ಸಾರನ್ನಕ್ಕೂ ಮಜ್ಜಿಗೆಗೂ ನಡುವೆ ಕೈ ಒಣಗಿಸಿಕೊಂಡು ಹರಟುವುದೆಂದರೇನು? ಬಂಗಾಳಿಗಳು ಈ ಹರಟೆಯನ್ನು ಅಡ್ಡಾ ಎಂದು ಕರೆದು ಅದಕ್ಕೊಂದು ಗೌರವ ಕೊಟ್ಟಿದ್ದಾರೆ. ಕಂಪನಿ ಅದನ್ನು ಸೋರಿಕೆ ಎಂದು ಕರೆಯಿತು. ಅದು ಎರಡು ಸಾವಿರದ ಆರನೆಯ ಇಸವಿ. ದೇಶಕ್ಕೆ ದೇಶವೇ ಕಂಪ್ಯೂಟರಿನೊಳಗೆ ತಲೆ ತೂರಿಸಿ "ಬೆಳೆಯುತ್ತಿದ್ದೇವೆ, ಬೆಳೆಯುತ್ತಿದ್ದೇವೆ" ಎಂದು ಕೂಗುತ್ತಿದ್ದ ಕಾಲ. ಬೆಳೆಯುವವರು ನಿಧಾನವಾಗಿ ಅಗಿಯಬಾರದು.

ಅಳೆದವನು ನಿತಿನ್. ಬೆಂಗಳೂರಿನ ಬಸವನಗುಡಿಯವನು, ವಯಸ್ಸು ಮೂವತ್ತೊಂದು. ಆ ಕಟ್ಟಡದ ನೀರು, ದೀಪ, ಕುರ್ಚಿ, ಕಕ್ಕಸು, ಕ್ಯಾಂಟೀನು, ಎಲ್ಲ ಅವನ ಸುಪರ್ದಿ. ಬುಧವಾರ ಬೆಳಿಗ್ಗೆ ಅವನು ಕ್ಯಾಂಟೀನಿನ ಗುತ್ತಿಗೆದಾರ ವಿಷ್ಣುಮೂರ್ತಿಯವರನ್ನು ತನ್ನ ಕೋಣೆಗೆ ಕರೆಸಿದ.

"ವಿಷ್ಣುಮೂರ್ತಿಗಳೇ, ಮೂವತ್ತೆಂಟು ಬಂದಿದೆ."

"ಮೂವತ್ತೆಂಟು ಎಂಥದ್ದು ಸರ್? ಜಿರಳೆಯಾ?"

"ನಿಮಿಷ ರೀ, ನಿಮಿಷ! ಊಟಕ್ಕೆ. ನಂಗೆ ಇಪ್ಪತ್ತೆರಡು ಬೇಕು."

ಇಪ್ಪತ್ತೆರಡು ನಿಮಿಷದಲ್ಲಿ ಉಂಡು ಏಳಲು ಎತ್ತಿನ ಕೈಯಲ್ಲೂ ಆಗುವುದಿಲ್ಲ, ಅದಕ್ಕೂ ಮೆಲುಕು ಹಾಕಲಿಕ್ಕೆ ಹೊತ್ತು ಬೇಕು ಎಂಬ ಮಾತು ವಿಷ್ಣುಮೂರ್ತಿಯವರ ನಾಲಗೆಯ ತುದಿಗೆ ಬಂದಿತ್ತು. ಆದರೆ ಶುಕ್ರವಾರ ಅವರ ಕ್ಯಾಂಟೀನಿನ ಗುತ್ತಿಗೆ ನವೀಕರಣಕ್ಕೆ ಬರುವುದಿತ್ತು, ನವೀಕರಿಸುವ ಪೆನ್ನು ನಿತಿನನ ಜೇಬಿನಲ್ಲಿತ್ತು. ಮಾತನ್ನು ನುಂಗಿದರು.

"ಮ್ಯೂಸಿಕ್ ಹಾಕೋಣ," ಎಂದ ನಿತಿನ್. "ಫಾಸ್ಟ್ ಮ್ಯೂಸಿಕ್ ಕೇಳಿದ್ರೆ ಜನ ಫಾಸ್ಟಾಗಿ ಅಗೀತಾರಂತೆ, ಎಲ್ಲೋ ಓದಿದೆ. ಮಾತು ಇರಬಾರದು, ಇದ್ರೆ ಕೇಳ್ತಾ ಕೂತ್ಬಿಡ್ತಾರೆ. ವೆಸ್ಟರ್ನ್ ಕ್ಲಾಸಿಕಲ್ ಇರ್ಲಿ. ಬರೋಕ್ ಅಂತ ಒಂದಿದೆ, ಮುನ್ನೂರು ವರ್ಷ ಹಳೇದು, ಮೆದುಳು ಚುರುಕಾಗತ್ತೆ ಅಂತಾರೆ. ಪಾಪ, ನಿಮ್ಗೆ ಇದೆಲ್ಲ ಎಲ್ಲಿ ಗೊತ್ತಿರತ್ತೆ, ನಾನೇ ಯಾರಿಗಾದ್ರೂ ಹೇಳ್ತೀನಿ ಬಿಡಿ."

ಉಡುಪಿಯ ಕಡೆಯ ಮನುಷ್ಯನನ್ನು ಬೈದರೆ ಸಹಿಸುತ್ತಾನೆ, ಅವನ ಸಾಂಬಾರನ್ನು ಬೈದರೂ ಹೇಗೋ ಸಹಿಸಿಯಾನು. ಆದರೆ "ಪಾಪ" ಎಂದರೆ ಅವನೊಳಗಿನ ಏನೋ ಒಂದು ಎದ್ದು ಕೂರುತ್ತದೆ. ವಿಷ್ಣುಮೂರ್ತಿಯವರ ಬೆನ್ನು ನೆಟ್ಟಗಾಯಿತು.

"ಎಂಥ ಸರ್ ಹೀಗೆ ಹೇಳ್ತೀರಿ? ನಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದರೆ ಅದೇ. ನನ್ನ ಮಗಳು ಚೆಲ್ಲೋ ಬಾರಿಸ್ತಾಳೆ. ಬರೋಕ್ ಕೇಳದೆ ನನಗೆ ಕಾಪಿ ಗಂಟಲಲ್ಲಿ ಇಳಿಯೂದಿಲ್ಲ."

ವಾಸ್ತವವಾಗಿ ಮಗಳು ಆ ಆಳೆತ್ತರದ ಪಿಟೀಲನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡಳೆಂದರೆ ವಿಷ್ಣುಮೂರ್ತಿಯವರು ಕಾಫಿಯ ಲೋಟ ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಳ್ಳುತ್ತಿದ್ದರು. ಆದರೆ ಅದು ಮನೆಯ ಮಾತು. ಕಂಪನಿಗೆ ಅದರ ಗೊಡವೆ ಬೇಡ.

"ಓ!" ಎಂದ ನಿತಿನ್. ಅವನ ದನಿಯಲ್ಲಿ ನಿಜವಾದ ಮರ್ಯಾದೆಯಿತ್ತು. "ಹಾಗಾದ್ರೆ ನಾಳೆಯಿಂದಲೇ ಹಾಕಿ. ಟೈಮ್ ನಾನು ನೋಡ್ತೀನಿ. ಇನ್ನೇನಾದ್ರೂ ಇತ್ತಾ?"

ಇತ್ತು. ಎರಡೂವರೆ ವಾರದಿಂದ ಇತ್ತು.

ಮೂರು ವಾರದ ಹಿಂದೆ ಮಂಗಳವಾರ ಬೆಳಿಗ್ಗೆ, ಒಂಬತ್ತನೆಯ ಮಹಡಿಯ ಹೊರಗೆ ಹಗ್ಗದ ಮೇಲೆ ಕೂತು ಗಾಜು ಒರೆಸುತ್ತಿದ್ದ ತಾಪಸ್ ಮಂಡಲ್ ಬಿದ್ದು ಸತ್ತ. ಹತ್ತು ನಿಮಿಷಕ್ಕೆ ಟಾರ್ಪಾಲು ಬಂತು, ಅರ್ಧ ಗಂಟೆಗೆ ನೀರು ಹೊಯ್ದು ತೊಳೆದಾಯಿತು, ಹನ್ನೊಂದಕ್ಕೆ ಎಂದಿನಂತೆ ಟೀ. ಗೇಟಿನ ರಿಜಿಸ್ಟರಿನಲ್ಲಿ ಆ ದಿನದ ಹಾಳೆ ಕಾಣೆಯಾಯಿತು. ಅವನು ಗಾಜು ಒರೆಸಿಸುವ ಗುತ್ತಿಗೆದಾರನ ಆಳು ಎಂದಿತು ಕಂಪನಿ. ಯಾವ ತಾಪಸ್ ಎಂದ ಆ ಗುತ್ತಿಗೆದಾರ. ಕೊನೆಗೆ ಎಲ್ಲೋ ಒಂದು ಕಾಗದದಲ್ಲಿ "ರಸ್ತೆ ಬದಿಯಲ್ಲಿ ಬಿದ್ದಿದ್ದ ವ್ಯಕ್ತಿ" ಎಂದು ಬರೆದು ಮುಗಿಸಿದರು. ಮುಗಿಯದೆ ಉಳಿದದ್ದು ಒಂದೇ: ಒಂಬತ್ತನೆಯ ಮಹಡಿಯ ಆ ದೊಡ್ಡ ಗಾಜಿನ ಅರ್ಧಭಾಗ ಒರೆಸಿದ್ದು, ಇನ್ನರ್ಧ ಧೂಳು ಹಾಗೆಯೇ ಇತ್ತು.

ತಾಪಸ್‌ಗೆ ಕ್ಯಾಂಟೀನಿನೊಳಗೆ ಕೂರುವ ಹಕ್ಕಿರಲಿಲ್ಲ. ಅದಕ್ಕೆ ಕೊರಳಲ್ಲಿ ನೀಲಿ ಪಟ್ಟಿಯ ಕಾರ್ಡು ಬೇಕು. ಅವನು ಹಿಂಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ವಿಷ್ಣುಮೂರ್ತಿಯವರ ಕೈಯಿಂದ ಒಂದು ಲೋಟ ಬಿಸಿ ಸಾರು ಕುಡಿದು, "ಮೇಲೆ ಗಾಳಿ ಜಾಸ್ತಿ ದಾದಾ, ಇದು ಹೊಟ್ಟೆಗಿಳಿದ್ರೆ ಧೈರ್ಯ" ಎಂದು ನಕ್ಕು ಹೋಗುತ್ತಿದ್ದ. ಅವನ ಹೆಂಡತಿ ಸುಭದ್ರಾ ಅದೇ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವಳು. ಐದನೆಯ ದಿನ ಅವಳು ಕೆಲಸಕ್ಕೆ ಬಂದಳು. ತೊಳೆಯುತ್ತಲೇ ಹೇಳಿದಳು:

"ದಾದಾ, ಊರಲ್ಲಿ ಅವನು ಕುಡಿದು ರಸ್ತೆಯಲ್ಲಿ ಬಿದ್ದು ಸತ್ತ ಅಂತಾರೆ. ನನ್ನ ಅತ್ತೆಯೇ ಹೇಳ್ತಾಳೆ. ಅವನು ಈ ಕಟ್ಟಡದಲ್ಲಿ ಕೆಲಸ ಮಾಡ್ತಿದ್ದ, ಕೆಲಸ ಮಾಡ್ತಾನೇ ಸತ್ತ ಅಂತ ಎರಡು ಸಾಲು ಬರೆದು ಕೊಡ್ಲಿ. ನನಗೆ ಇನ್ನೇನೂ ಬೇಡ."

"ನಾಳೆ ಕೇಳ್ತೇನಮ್ಮ," ಎಂದಿದ್ದರು ವಿಷ್ಣುಮೂರ್ತಿ. ಅಂದಿನಿಂದ ಆ ನಾಳೆ ಬರಲೇ ಇಲ್ಲ. ದಿನವೂ ಕೇಳಲೆಂದು ನಿತಿನನ ಕೋಣೆಗೆ ಹೋಗುತ್ತಿದ್ದರು, ದಿನವೂ ಗ್ಯಾಸ್ ಸಿಲಿಂಡರಿನ ವಿಷಯ ಮಾತಾಡಿ ಬರುತ್ತಿದ್ದರು.

"ಇನ್ನೇನಾದ್ರೂ ಇತ್ತಾ?" ನಿತಿನ್ ಮತ್ತೆ ಕೇಳಿದ.

"ಗ್ಯಾಸ್ ಸಿಲಿಂಡರು ಸರ್," ಎಂದರು ವಿಷ್ಣುಮೂರ್ತಿ.

ಸಂಜೆ ಲೇಕ್ ಮಾರ್ಕೆಟ್ಟಿನ ಹತ್ತಿರದ ಎರಡು ಕೋಣೆಯ ಮನೆಯಲ್ಲಿ, ಹತ್ತನೆಯ ತರಗತಿಯ ಸುರಕ್ಷಾ ಜನ್ಮದಲ್ಲಿ ಮೊದಲ ಬಾರಿಗೆ ತನ್ನ ತಂದೆ ಚೆಲ್ಲೋದ ಎದುರು ಚಕ್ಕಳಮಕ್ಕಳ ಹಾಕಿ ಕೂತದ್ದನ್ನು ಕಂಡಳು. ಅವಳಿಗೆ ಗಾಬರಿಯಾಯಿತು.

"ಪಪ್ಪಾ, ಆರ್ ಯು ಓಕೆ?"

"ಈ ಬರೋಕ್ ಅಂದ್ರೆ ಎಂಥ? ಬೇಗ ಹೇಳು ಮಾರಾಯ್ತಿ. ನಾನು ದಿನಾ ಕೇಳ್ತೇನೆ ಅಂತ ಹೇಳಿ ಆಗಿದೆ."

ಸುರಕ್ಷಾಳ ಕನ್ನಡ ಅಮ್ಮನ ಹತ್ತಿರ ಕಲಿತದ್ದು, ಉಳಿದದ್ದು ಶಾಲೆಯದ್ದು, ಬೀದಿಯದ್ದು. ಅವಳು ತನ್ನ ಸಂಗೀತದ ಮೇಷ್ಟ್ರು ಕೊಟ್ಟ ಸಿ.ಡಿ. ತೆಗೆದಳು. "ಇದು ಸೊನಾಟಾ. ಇದ್ರಲ್ಲಿ ನಾಲ್ಕು ಮೂವ್‌ಮೆಂಟ್ ಉಂಟು. ಸ್ಲೋ, ಫಾಸ್ಟ್, ಮತ್ತೆ ಸ್ಲೋ, ಮತ್ತೆ ಫಾಸ್ಟ್. ಫಸ್ಟ್‌ದ್ದು ಲಾರ್ಗೊ. ಲಾರ್ಗೊ ಅಂದ್ರೆ ಖೂಬ್ ಸ್ಲೋ. ಬಟ್ ಸರ್ ಹೇಳ್ತಾರೆ ಸ್ಲೋ ಅಂತ ತಿಳ್ಕೊಂಡು ಬಾರಿಸ್ಬೇಡ, ಅಗಲ ಅಂತ ತಿಳ್ಕೋ ಅಂತ. ದೊಡ್ಡ ಹಾಲ್‌ನಲ್ಲಿ ಒಬ್ಬಳೇ ನಡ್ದ ಹಾಗೆ."

"ಶ್ರುತಿ?"

"ಇ ಮೈನರ್. ದುಃಖದ ಕೀ ಅಂತಾರೆ. ನೋಡಿ." ಅವಳು ಕಮಾನು ಎಳೆದಳು. ಕೆಳಗಿನ ಮನೆಯವರ ಪ್ರೆಷರ್ ಕುಕ್ಕರಿನ ಸೀಟಿಯ ನಡುವೆ, ಹೆಂಗಸೊಬ್ಬಳು ಬಾಯಿ ತೆರೆಯದೆ ಗಂಟಲೊಳಗೇ ಅತ್ತ ಹಾಗೆ ಒಂದು ಸ್ವರ ಹೊರಟು, ಎಲ್ಲಿಗೂ ಅವಸರವಿಲ್ಲದೆ ಇಳಿಯಿತು. "ಈಗ ಸೆಕೆಂಡ್. ಅಲೆಗ್ರೊ. ಸೇಮ್ ಕೀ ಪಪ್ಪಾ! ಕೀ ಚೇಂಜ್ ಆಗೂದೇ ಇಲ್ಲ, ಸ್ಪೀಡ್ ಮಾತ್ರ. ಬಟ್ ಮೂಡ್ ಫುಲ್ ಬೇರೆ. ಅಳ್ತಾ ಇದ್ದವ್ರಿಗೆ ಸಿಟ್ಟು ಬಂದ ಹಾಗೆ." ಕಮಾನು ಹಾರಿತು, ತಂತಿಗಳು ಗದರಿದವು.

ವಿಷ್ಣುಮೂರ್ತಿಯವರ ಮುಖ ಅರಳಿತು. "ಇದು ನಮ್ಮ ಯಕ್ಷಗಾನದ ಹಾಗೆಯೇ ಅಲ್ವಾ! ಭಾಗವತರ ಶ್ರುತಿಪೆಟ್ಟಿಗೆ ಬದಲಾಗೂದಿಲ್ಲ. ಮೊದಲು ಅಳುವ ಪದ, ವಿಳಂಬದಲ್ಲಿ. ಮತ್ತೆ ಚೆಂಡೆ ಏರಿತೋ, ಅದೇ ಶ್ರುತಿಯಲ್ಲಿ ಜಗಳ. ಇಷ್ಟಕ್ಕೆ ಮುನ್ನೂರು ವರ್ಷ ಹಿಂದೆ ಯುರೋಪಿಗೆ ಹೋಗ್ಬೇಕಿತ್ತಾ?"

ಒಳಗೆ ದೋಸೆ ಎರೆಯುತ್ತಿದ್ದ ಹೆಂಡತಿ ಪ್ರಭಾವತಿಯವರು ಸಟ್ಟುಗ ಹಿಡಿದೇ ಬಾಗಿಲಿಗೆ ಬಂದರು. "ಊಟಕ್ಕೆ ಕೂತವರಿಗೆ ಅಳುವ ಪದ ಯಾಕೆ? ಸಾರಿಗೆ ಉಪ್ಪು ಕಡಿಮೆಯಾದದ್ದನ್ನು ಕಣ್ಣೀರಿನಲ್ಲಿ ಸರಿ ಮಾಡ್ಲಿಕ್ಕಾ?"

"ಅಳುವುದು ಹಾಕೂದಿಲ್ಲ, ಜಗಳದ್ದು ಹಾಕೂದು."

"ಜಗಳ ಹಾಕ್ಲಿಕ್ಕೆ ಬೇಕಾದಲ್ಲಿ ನಿಮಗೆ ಬಾಯಿ ಬರೂದಿಲ್ಲ. ಆ ಸುಭದ್ರಾಳ ಕಾಗದ ಕೇಳಿದ್ರಾ?"

"ಶುಕ್ರವಾರ ಒಂದು ಕಳೀಲಿ."

"ಶುಕ್ರವಾರ ಕಳೆದ್ರೆ ಶನಿವಾರ ಬರ್ತದೆ," ಎಂದು ಹೇಳಿ ಪ್ರಭಾವತಿ ಒಳಗೆ ಹೋದರು. ದೋಸೆ ಸೀದಿತ್ತು. ಆ ಸೀದ ದೋಸೆಯೇ ಅಂದು ವಿಷ್ಣುಮೂರ್ತಿಯವರ ತಟ್ಟೆಗೆ ಬಂತು.

"ಪಪ್ಪಾ, ಟ್ರ್ಯಾಕ್ ಟೂ ಹಾಕ್ಬೇಕು, ಸಮ್ಝೆ? ಒನ್ ಅಲ್ಲ. ಟೂ!" ಎಂದು ಸುರಕ್ಷಾ ಮೂರು ಸಲ ಹೇಳಿದಳು. ತಂದೆ ಮೂರು ಸಲವೂ ತಲೆಯಾಡಿಸಿದರು.

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ವಿಷ್ಣುಮೂರ್ತಿಯವರು ಕ್ಯಾಂಟೀನಿನ ಗಲ್ಲೆಯ ಹಿಂದಿನ ಸಿ.ಡಿ. ಪ್ಲೇಯರಿನ ಮುಂದೆ ನಿಂತರು. ಎರಡು ಎಂಬ ಗುಂಡಿಯ ಮೇಲೆ ಬೆರಳಿಟ್ಟರು. ಬೆರಳು ಒತ್ತಲಿಲ್ಲ.

ಇಲ್ಲೊಂದು ಧರ್ಮಸಂಕಟವನ್ನು ಓದುಗರು ಅರ್ಥಮಾಡಿಕೊಳ್ಳಬೇಕು. ಹದಿನಾಲ್ಕನೆಯ ವಯಸ್ಸಿನಿಂದ ಪಂಕ್ತಿಯಲ್ಲಿ ಬಡಿಸಿದ ಕೈ ಅದು. ಎಲೆಯ ತುದಿಗೆ ಮೊದಲು ಉಪ್ಪು, ಮತ್ತೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಹೀಗೆ. ಉಪ್ಪು ಬಡಿಸದೆ ಪಲ್ಯ ಬಡಿಸಿದ ಹುಡುಗನ ಕಿವಿಯನ್ನು ಹಿರಿಯ ಅಡುಗೆಯವರು ಹಿಂಡಿದ ನೋವು ಇನ್ನೂ ಅಲ್ಲೇ ಇದೆ. ಒಂದನೆಯದನ್ನು ಹಾರಿಸಿ ಎರಡನೆಯದನ್ನು ನಾನೂರು ಜನರಿಗೆ ಬಡಿಸು ಎಂದರೆ ಆ ಕೈ ಕೇಳೀತೇ? ಲಾರ್ಗೊ ಎಂದರೆ ಉಪ್ಪು. ಚಿಟಿಕೆಯಷ್ಟು, ಮೂರು ನಾಲ್ಕು ನಿಮಿಷ. ಆಮೇಲೆ ಅಲೆಗ್ರೊ ತಾನಾಗಿ ಬರುತ್ತದೆ. ವಿಷ್ಣುಮೂರ್ತಿಯವರು ಒಂದನ್ನು ಒತ್ತಿದರು. ಮುಂದಕ್ಕೆ ಸರಾಗವಾಗಿ ಸಾಗಲಿ ಎಂದು, ಒಂದರ ಬಾಲವನ್ನೊಂದು ಕಚ್ಚಿಕೊಂಡ ಎರಡು ಬಾಣಗಳ ಚಿತ್ರವಿದ್ದ ಗುಂಡಿಯನ್ನೂ ಒತ್ತಿದರು. ಮುಗಿದದ್ದನ್ನೇ ಮತ್ತೆ ಮೊದಲಿನಿಂದ ನುಡಿಸುವ ಗುಂಡಿ ಅದು.

ನಾಲ್ಕೂ ಮೂಲೆಯ ಪೆಟ್ಟಿಗೆಗಳಿಂದ ಚೆಲ್ಲೋ ಹೊರಟಿತು.

ಮೊದಲು ಕೇಳಿಸಿದ್ದು ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದು. ಅರವತ್ತೆರಡರ ಅಣ್ಣಪ್ಪ, ವಿಷ್ಣುಮೂರ್ತಿಯವರ ಅಡುಗೆಯಾತ, ಊರಿನಿಂದಲೇ ಬಂದವನು, ಕೈ ಒರೆಸಿಕೊಳ್ಳುತ್ತಾ ಹೊರಬಂದ.

"ಹೋದರಾ?"

"ಯಾರು?"

"ದೊಡ್ಡವರು ಯಾರೋ ಹೋದರಲ್ಲ. ರೇಡಿಯೋದವರು ಮೊದಲು ಹೆಸರು ಹೇಳ್ತಾರಾ? ಇಲ್ಲ. ಎಲ್ಲ ಕಾರ್ಯಕ್ರಮ ನಿಲ್ಲಿಸಿ ಹೀಗೇ ಕೊಂಯ್ ಅಂತ ಎಳೀತಾರೆ. ಹೆಸರು ಸಂಜೆಗೆ." ಅಣ್ಣಪ್ಪ ಒಲೆಯ ಕಡೆ ತಿರುಗಿದ. "ಪಾಯಸ ಇಳಿಸ್ತೇನೆ. ಇವತ್ತು ಸಿಹಿ ಬೇಡ."

ಅಣ್ಣಪ್ಪನನ್ನು ನೋಡಿ ನಗುವ ಹಾಗಿಲ್ಲ. ಈ ದೇಶದಲ್ಲಿ ಮೂವತ್ತು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ದೊಡ್ಡವರು ಸತ್ತರೆ ಆಕಾಶವಾಣಿಯೂ ದೂರದರ್ಶನವೂ ಬಾಯಿ ಬಿಡುವ ಮೊದಲು ತಂತಿ ಎಳೆಯುತ್ತಿದ್ದವು. ಹಾಡು ನಿಂತು ತಂತಿ ನಿಧಾನವಾಯಿತೆಂದರೆ ಜನ ಉಣ್ಣುವ ಕೈಯನ್ನು ತಡೆಯುತ್ತಿದ್ದರು. ಇಡೀ ಒಂದು ತಲೆಮಾರು ಶೋಕವನ್ನು ಕಲಿತದ್ದು ಲಯದಿಂದ.

ಕ್ಯಾಂಟೀನಿನಲ್ಲಿ ನಾನೂರು ಕೈಗಳು ತಡೆದವು.

"ಯಾರು ಹೋದದ್ದು?" ಒಂದು ಮೇಜು ಇನ್ನೊಂದನ್ನು ಕೇಳಿತು. ಕಿಟಕಿಯ ಬದಿಯವರು ಒಬ್ಬ ಮಾಜಿ ಮಂತ್ರಿಯನ್ನು ಸಾಯಿಸಿದರು. ಕೈತೊಳೆಯುವ ಜಾಗದಲ್ಲಿ ಒಬ್ಬ ಫುಟ್‌ಬಾಲ್ ಆಟಗಾರ ಸತ್ತ. ಲಿಫ್ಟಿನ ಹತ್ತಿರ ಬರುವಷ್ಟರಲ್ಲಿ ಕಂಪನಿಯ ಅಮೆರಿಕದ ಮಾಲೀಕರೇ ಹೋಗಿಬಿಟ್ಟಿದ್ದರು. "ನಾಳೆ ರಜೆ ಕೊಡ್ತಾರಾ?" ಎಂದು ಒಬ್ಬ ಕಣ್ಣೊರೆಸಿಕೊಂಡೇ ವಿಚಾರಿಸಿದ.

ಗೇಟಿನಲ್ಲಿದ್ದ ತಿವಾರಿಗೆ ಸಂಗೀತ ಕಿಟಕಿಯಿಂದ ಕೇಳಿಸಿತು. ಅವನು ನಿವೃತ್ತ ಹವಾಲ್ದಾರ್, ಈಗ ಕಾವಲುಗಾರರ ಮುಖ್ಯಸ್ಥ. ಎದ್ದು ನಿಂತ. ಟೋಪಿ ಸರಿಮಾಡಿದ. ರಾಷ್ಟ್ರಧ್ವಜ ಮುಟ್ಟಲು ಸರ್ಕಾರದ ಆಜ್ಞೆ ಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಪಕ್ಕದ ಕಂಬದಲ್ಲಿ ಹಾರುತ್ತಿದ್ದ ಕಂಪನಿಯ ನೀಲಿ ಬಾವುಟವನ್ನು ಶಾಸ್ತ್ರೋಕ್ತವಾಗಿ ಅರ್ಧಕ್ಕಿಳಿಸಿ ಸಲಾಮು ಹೊಡೆದ. ಎದುರಿನ ಕಟ್ಟಡದ ಕಾವಲುಗಾರ ಅದನ್ನು ನೋಡಿದ. ಹಿಂದೆ ಬೀಳುವುದು ಅವನ ಕಂಪನಿಗೂ ಶೋಭೆಯಲ್ಲ. ಅಲ್ಲಿಯೂ ಇಳಿಯಿತು. ಅರ್ಧ ಗಂಟೆಯಲ್ಲಿ ಆ ರಸ್ತೆಯಲ್ಲಿ ಐದು ಬಾವುಟಗಳು ತಲೆತಗ್ಗಿಸಿದ್ದವು.

ಗಡಿಯಾರ ಹಿಡಿದು ಬಂದ ನಿ‌ತಿನ್‌ಗೆ ಮೊದಲು ಕಂಡದ್ದು ಅಲುಗದ ನಾನೂರು ದವಡೆ. ಆಮೇಲೆ ಕಿಟಕಿಯಲ್ಲಿ ಬಾವುಟ. ಅವನ ಮುಖ ಬಿಳಿಚಿತು. ಇಷ್ಟು ದೊಡ್ಡ ಸಾವು ತನಗೆ ತಿಳಿಯದೆ ಆಗಿಹೋಯಿತೇ? ಗಲ್ಲೆಯ ಹತ್ತಿರ ಬಂದು ದನಿ ತಗ್ಗಿಸಿದ.

"ನಿಮ್ಗೆ ಯಾವಾಗ ಗೊತ್ತಾಯ್ತು?"

ವಿಷ್ಣುಮೂರ್ತಿಯವರು ಬರೋಕಿನ ವಿಷಯವೆಂದೇ ಭಾವಿಸಿದರು. "ನಿನ್ನೆ ಸಂಜೆ ಸರ್. ಮಗಳು ಎಲ್ಲ ವಿವರವಾಗಿ ಹೇಳಿದಳು."

"ನಿನ್ನೇನೇ? ಟೀವೀಲಿ ಬಂತಾ?"

"ಟೀವಿಯಲ್ಲಿ ಇದೆಲ್ಲ ಎಲ್ಲಿ ಬರ್ತದೆ ಸರ್? ತಿಳಿದವರಿಗೆ ಮಾತ್ರ ತಿಳಿಯೂದು."

ನಿತಿನ್ ಸತ್ತವರ ಹೆಸರು ಕೇಳಬಹುದಿತ್ತು. ಆದರೆ ಕ್ಯಾಂಟೀನಿನವನಿಗೆ ಗೊತ್ತಿರುವುದು ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಅವನ ಹುದ್ದೆಗೆ ಆಗದ ಕೆಲಸ. ಮೇಲಕ್ಕೆ ಓಡಿ ಇಡೀ ಕಂಪನಿಗೆ ಒಂದು ಮೇಲ್ ಬರೆದ: "ತುಂಬಲಾರದ ನಷ್ಟ. ನಮ್ಮ ಕುಟುಂಬ ಇಂದು ಅನಾಥ." ಹೆಸರಿನ ಜಾಗ ಖಾಲಿ. ಹತ್ತು ನಿಮಿಷದಲ್ಲಿ ಅರವತ್ತಮೂರು ಉತ್ತರಗಳು ಬಂದವು. ಒಬ್ಬಳು "ಅವರು ನನಗೆ ತಂದೆಯಂತಿದ್ದರು" ಎಂದಳು. ಒಬ್ಬ ಟೀಂ ಲೀಡರ್ "ಕಳೆದ ವಾರವಷ್ಟೇ ನನ್ನ ಬೆನ್ನು ತಟ್ಟಿದ್ದರು" ಎಂದು ಬರೆದ. ಯಾರು ಎಂದು ಒಬ್ಬರೂ ಕೇಳಲಿಲ್ಲ. ವಿದ್ಯಾವಂತರ ಲಕ್ಷಣವೇ ಅದು.

ಹನ್ನೆರಡನೆಯ ಮಹಡಿಯಲ್ಲಿದ್ದ ಮುಖ್ಯಸ್ಥರು, ಸಾನ್ಯಾಲ್ ಸಾಹೇಬರು, ಮೇಲ್ ನೋಡಿದರು, ಬಾವುಟ ನೋಡಿದರು, ಕೋಟು ತೊಟ್ಟರು. ಮಾಲೀಕರೇ ಹೋಗಿದ್ದರೆ ಮೊದಲು ಅತ್ತವನಿಗೆ ಬೆಲೆ. ಎರಡೂವರೆಗೆ ಎಲ್ಲರೂ ಕ್ಯಾಂಟೀನಿನಲ್ಲಿ ಸೇರಬೇಕೆಂದು ಆಜ್ಞೆಯಾಯಿತು. ಮೈಕು ಬಂತು. ಲಾರ್ಗೊ ಇಪ್ಪತ್ತನಾಲ್ಕನೆಯ ಸಲ ಮೊದಲಿನಿಂದ ಶುರುವಾಗಿತ್ತು. ವಿಷ್ಣುಮೂರ್ತಿಯವರು ಆ ಬಾಣಗಳ ಗುಂಡಿಯೊಂದನ್ನು ಬಿಟ್ಟು ಬೇರೆ ಯಾವ ಗುಂಡಿ ಒತ್ತಿದರೂ ಅದು ಬಿಡಲೊಲ್ಲದು. ಕೊನೆಗೆ ಅವರೂ ಕೈಕಟ್ಟಿ ನಿಂತಿದ್ದರು.

ಮೈಕಿನ ಮುಂದೆ ನಿಂತ ಸಾನ್ಯಾಲ್ ಸಾಹೇಬರು ನಿತಿನನ ಕಿವಿಗೆ ಬಾಗಿದರು. ಒಂದೇ ಶಬ್ದ: "ಹೆಸರು?"

ನಿತಿನ್ ಗಲ್ಲೆಯ ಹಿಂದಕ್ಕೆ ಹಾರಿ ವಿಷ್ಣುಮೂರ್ತಿಯವರ ರಟ್ಟೆ ಹಿಡಿದ. "ಯಾರ್ರೀ ಸತ್ತಿದ್ದು?"

"ಯಾರು ಸರ್ ಸತ್ತದ್ದು?"

"ನಾನ್ ನಿಮ್ಮನ್ನ ಕೇಳ್ತಿದೀನಿ! ಈ ಮ್ಯೂಸಿಕ್ ಯಾತಕ್ಕೆ ಹಾಕಿದ್ರಿ?"

"ನೀವೇ ಹೇಳಿದ್ದಲ್ವಾ ಸರ್, ಬೇಗ ಉಣ್ಣಲಿಕ್ಕೆ."

ನಿತಿನ್ ಪ್ಲೇಯರಿನ ಕಡೆ ಬೆರಳು ತೋರಿಸಿದ. "ಇದು... ಇದು ಫಾಸ್ಟ್ ಮ್ಯೂಸಿಕ್ಕಾ?"

"ಇದು ಉಪ್ಪು ಸರ್. ಪಲ್ಯ ಎರಡನೇದ್ದು. ಅದು ಬರ್ತಾ ಇಲ್ಲ."

"ಅಯ್ಯೋ! ರೀ, ಯಾರಾದ್ರೂ ಸತ್ತಿರ್ಲೇಬೇಕು! ನಾನೂರು ಜನ ನಿಂತಿದಾರೆ, ಸಾಹೇಬರು ಮೈಕ್ ಹಿಡಿದಿದಾರೆ. ಒಂದು ಹೆಸರು ಕೊಡ್ರೀ. ಯಾವ್ದಾದ್ರೂ ಒಂದು! ನಾಳೆ ನಿಮ್ ಕಾಂಟ್ರ್ಯಾಕ್ಟ್ ನನ್ ಟೇಬಲ್ ಮೇಲಿರತ್ತೆ, ಜ್ಞಾಪಕ ಇರ್ಲಿ."

ಯಾರದೋ ಒಬ್ಬ ಮಾಜಿ ಮಂತ್ರಿಯ ಹೆಸರು ಸಾಕಿತ್ತು. ಹಿಂದಿನಿಂದ ತಟ್ಟೆ ತೊಳೆಯುವ ಸದ್ದು ಬರುತ್ತಿತ್ತು. ನಾನೂರು ಜನರ ಶೋಕದಲ್ಲಿಯೂ ಆ ನಲ್ಲಿಗೆ ಬಿಡುವಿರಲಿಲ್ಲ. ವಿಷ್ಣುಮೂರ್ತಿಯವರು ಹೇಳಿದರು:

"ತಾಪಸ್ ಮಂಡಲ್."

"ಯಾರದು?" ಎಂದ ನಿತಿನ್.

ಟಾರ್ಪಾಲು ತರಿಸಿದವನು ಅವನೇ. ಹೆಸರು ಮಾತ್ರ ಕೇಳಿರಲಿಲ್ಲ.

"ಈ ಕಟ್ಟಡದವನೇ ಸರ್. ಕೆಲಸ ಮಾಡ್ತಾ ಇರುವಾಗಲೇ ಹೋದದ್ದು."

ನಿತಿನ್ ಅದನ್ನು ಅಂಗೈಯಲ್ಲಿ ಬರೆದುಕೊಂಡು ಓಡಿದ. ಸಾನ್ಯಾಲ್ ಸಾಹೇಬರು ಆ ಅಂಗೈಯನ್ನು ನೋಡಿ, ಕಣ್ಣು ಮುಚ್ಚಿ, ತೆರೆದು, ಇಂಗ್ಲಿಷಿನಲ್ಲಿ ಆರಂಭಿಸಿ ಬಂಗಾಳಿಗೆ ಇಳಿದರು. ಬದುಕಿದ್ದಷ್ಟು ದಿನ "ಏಯ್" ಎಂದೇ ಕರೆಸಿಕೊಂಡವನು ಸತ್ತ ಇಪ್ಪತ್ತಮೂರನೆಯ ದಿನ "ಮಿಸ್ಟರ್ ಮಂಡಲ್" ಆದ.

"ಮಿಸ್ಟರ್ ತಾಪಸ್ ಮಂಡಲ್ ಈ ಕಂಪನಿಯ ಆಸ್ತಿ. ನಮ್ಮ ಕಟ್ಟಡದಲ್ಲಿ ದುಡಿಯುತ್ತಲೇ ಅವರು ಕೊನೆಯುಸಿರೆಳೆದರು. ನಾನು ಅವರನ್ನು ಖುದ್ದಾಗಿ ಬಲ್ಲೆ. ನನ್ನ ಕೋಣೆಯ ಕಿಟಕಿಯ ಹತ್ತಿರ ನಾವಿಬ್ಬರೂ ಎಷ್ಟೋ ಸಲ ಮುಖಾಮುಖಿ ನಿಂತದ್ದುಂಟು."

ಅವರ ಭಾಷಣದಲ್ಲಿ ಅವರಿಗೇ ತಿಳಿಯದೆ ಬಂದ ಇನ್ನೊಂದು ನಿಜವಾದ ಮಾತು ಇದು. ನಡುವೆ ಗಾಜಿತ್ತು, ಅಷ್ಟೆ.

"ಎರಡು ನಿಮಿಷ ಮೌನ," ಎಂದರು.

ನಾನೂರು ತಲೆಗಳು ಬಾಗಿದವು. ಲಾರ್ಗೊ ಮಾತ್ರ ನಡೆಯುತ್ತಿತ್ತು, ದೊಡ್ಡ ಹಜಾರದಲ್ಲಿ ಒಬ್ಬಳೇ ನಡೆದ ಹಾಗೆ. ಹಿಂದೆ ನಲ್ಲಿ ನಿಂತಿತು. ಗಂಡನ ಹೆಸರು ಮೈಕಿನಲ್ಲಿ ಬಂದದ್ದನ್ನು ಕೇಳಿದ ಸುಭದ್ರಾ ಬಾಗಿಲಿಗೆ ಬಂದಳು. ಮೊಣಕೈವರೆಗೆ ಸಾಬೂನಿನ ನೊರೆ. ಕಾರ್ಡಿಲ್ಲದವರು ದಾಟಬಾರದ ಗೆರೆಯನ್ನು ದಾಟಿ, ಮೇಜುಗಳ ನಡುವೆ, ಅದೇ ನಡೆಯಲ್ಲಿ ಮುಂದೆ ಬಂದಳು. ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅವಳು ಸಾನ್ಯಾಲ್ ಸಾಹೇಬರ ಮುಂದೆ ನಿಂತಾಗ ಎರಡು ನಿಮಿಷ ಮುಗಿದಿತ್ತು.

"ಆಫ್ ಮಾಡ್ರೀ ಅದನ್ನ," ಎಂದು ನಿತಿನ್ ತಾನೇ ಪ್ಲೇಯರಿಗೆ ಕೈಹಾಕಿ, ಬಾಲ ಕಚ್ಚಿಕೊಂಡ ಬಾಣಗಳ ಗುಂಡಿಯನ್ನೇ ಒತ್ತಿದ. ಲಾರ್ಗೊ ತನ್ನ ಕೊನೆಯ ಸ್ವರ ಮುಗಿಸಿತು. ಅಲೆಗ್ರೊ ಎದ್ದಿತು.

ಅದೇ ಶ್ರುತಿ. ತಂತಿಗಳು ಗದರಿದವು.

"ಇವರು ಯಾರು?" ಎಂದರು ಸಾಹೇಬರು ಬಂಗಾಳಿಯಲ್ಲಿ.

ವಿಷ್ಣುಮೂರ್ತಿಯವರು ಗಲ್ಲೆಯ ಹಿಂದಿನಿಂದ ಹೊರಬಂದರು. ಸುಭದ್ರಾಳ ಪಕ್ಕಕ್ಕೆ ಬಂದು ನಿಂತರು. "ಮಿಸೆಸ್ ಮಂಡಲ್, ಸರ್."

"ಓ! ನನ್ನ ಹೃತ್ಪೂರ್ವಕ..."

"ನೀವು ಅವನನ್ನು ಬಲ್ಲಿರಿ ಅಂದ್ರಲ್ಲ," ಎಂದಳು ಸುಭದ್ರಾ. ಮೈಕು ಅವಳ ಬಾಯಿಯ ಹತ್ತಿರವೇ ಇತ್ತು. "ನಿಮ್ಮ ಕಟ್ಟಡದಲ್ಲಿ ದುಡೀತಾ ಸತ್ತ ಅಂದ್ರಿ. ಇಷ್ಟು ಜನ ಕೇಳಿದ್ದಾರೆ. ಅದನ್ನೇ ಬರೆದುಕೊಡಿ. ಎರಡು ಸಾಲು."

"ಖಂಡಿತ, ಆಫೀಸಿಗೆ ಬನ್ನಿ, ನಾಳೆ..."

"ನಾಳೆ ಬೇಡ," ಎಂದರು ವಿಷ್ಣುಮೂರ್ತಿ. "ಸರ್, ನಾಳೆ ಅಂತ ನಾನು ಇವಳಿಗೆ ಸುಮಾರು ದಿನ ಹೇಳಿ ಆಗಿದೆ. ಅದರಿಂದ ಏನೂ ಆಗೂದಿಲ್ಲ. ನನ್ನ ಅನುಭವ ಕೇಳಿ."

ಎಲ್ಲೋ ಹಿಂದೆ ಒಬ್ಬಳು ನಕ್ಕಳು, ನಕ್ಕದ್ದು ಅಳುವಾಯಿತು. ನಾನೂರು ಜನರಲ್ಲಿ ಒಬ್ಬರೂ ಕೂರಲಿಲ್ಲ. ಒಂಬತ್ತನೆಯ ಮಹಡಿಯವನೊಬ್ಬ ಪಕ್ಕದವನಿಗೆ "ನಮ್ಮ ಕಿಟಕಿ" ಎಂದ. ಆ ಮಾತು ಮೇಜಿನಿಂದ ಮೇಜಿಗೆ ಹೋಯಿತು, ಒಂದೂವರೆ ಗಂಟೆಯ ಹಿಂದೆ ಮಂತ್ರಿಯೂ ಆಟಗಾರನೂ ಸತ್ತ ದಾರಿಯಲ್ಲೇ.

ನಿತಿನ್ ಕಂಪನಿಯ ಹೆಸರು ಅಚ್ಚಾದ ಹಾಳೆ ತಂದು ಟೈಪು ಮಾಡಿಸಿದ. ಹುದ್ದೆ ಏನು ಎಂದು ಕೇಳಿದಾಗ ಸುಭದ್ರಾ ಹೇಳಿದಳು. ಆಗ ಅವನಿಗೆ ಟಾರ್ಪಾಲು ನೆನಪಾಯಿತು. ನೋಡನೋಡುತ್ತ ಕಿವಿಯವರೆಗೆ ಕೆಂಪೇರಿದ. ಹಾಳೆ ಓದಿದ ಸಾಹೇಬರ ಪೆನ್ನು "ಗಾಜು ಒರೆಸುವ ಕೆಲಸ" ಎಂಬಲ್ಲಿಗೆ ಬಂದು ನಿಂತಿತು. ತಲೆಯೆತ್ತಿದರು. ತಾವು ಖುದ್ದಾಗಿ ಬಲ್ಲವರ ವಿಷಯದಲ್ಲಿ ಈಗ ಹಿಂದೆಗೆಯುವುದು ಹೇಗೆ? ಎದುರಿಗೆ ನಾನೂರು ಜನ ನಿಂತೇ ಇದ್ದರು, ಅಲೆಗ್ರೊ ಅವಸರಿಸುತ್ತಿತ್ತು. ಸಹಿ ಹಾಕಿದರು.

ಸುಭದ್ರಾ ಮೊದಲು ಕೈಯ ನೊರೆಯನ್ನು ಸೆರಗಿಗೆ ಒರೆಸಿದಳು. ಎರಡೂ ಕೈ ಚೆನ್ನಾಗಿ ಒಣಗಿದ ಮೇಲೆ ಕಾಗದ ತೆಗೆದುಕೊಂಡಳು.

ಸಂಜೆ ಸುರಕ್ಷಾ ತಲೆ ಚಚ್ಚಿಕೊಂಡಳು. "ಟೂ ಅಂತ ಥ್ರೀ ಟೈಮ್ಸ್ ಹೇಳಿದ್ದೆ ಪಪ್ಪಾ!"

"ಒಂದನ್ನು ಬಡಿಸದೆ ಎರಡನ್ನು ಬಡಿಸ್ಲಿಕ್ಕೆ ಆಗ್ತದಾ ಮಗಾ," ಎಂದರು ವಿಷ್ಣುಮೂರ್ತಿ. ಅಂದಿನ ದೋಸೆ ಸೀದಿರಲಿಲ್ಲ. ಪ್ರಭಾವತಿಯವರು ಕೇಳದೆಯೇ ನಾಲ್ಕನೆಯದನ್ನು ಹಾಕಿದರು.

ಶುಕ್ರವಾರ ಗುತ್ತಿಗೆ ನವೀಕರಣವಾಗಲಿಲ್ಲ. ಊಟದ ಅವಧಿ ಒಂದು ಗಂಟೆ ಐವತ್ತೆರಡು ನಿಮಿಷಕ್ಕೇರಿದ್ದೇ ಕಾರಣ ಎಂದು ಬರೆದಿತ್ತು. ಅದು ಸುಳ್ಳಲ್ಲ.

ಶನಿವಾರ ಬೆಳಿಗ್ಗೆ ಅಣ್ಣಪ್ಪನೂ ಸುಭದ್ರಾಳೂ ಕೊಪ್ಪರಿಗೆ, ಗ್ರೈಂಡರುಗಳನ್ನು ಟೆಂಪೋಗೆ ಏರಿಸುತ್ತಿದ್ದರು. ಕಾಗದ ಸುಭದ್ರಾಳ ರವಿಕೆಯೊಳಗೆ, ಪ್ಲಾಸ್ಟಿಕ್ಕಿನ ಹೊದಿಕೆಯಲ್ಲಿತ್ತು. ಭಾನುವಾರ ಅತ್ತೆಯ ಊರಿಗೆ ಹೋಗುವವಳು. ವಿಷ್ಣುಮೂರ್ತಿಯವರು ತಲೆಯೆತ್ತಿ ನೋಡಿದರು. ಎದುರಿನ ಕಟ್ಟಡಗಳ ಬಾವುಟಗಳೆಲ್ಲ ಮೇಲಕ್ಕೇರಿದ್ದವು. ಈ ಕಂಬದ್ದು ಮಾತ್ರ ಅರ್ಧದಲ್ಲೇ ಇತ್ತು.

"ತಿವಾರೀಜಿ, ಇದನ್ನು ಏರಿಸೂದು ಮರೆತಿರಾ?"

"ನಾನು ಮರೆಯುವವನಲ್ಲ," ಎಂದ ತಿವಾರಿ. "ನಿತಿನ್ ಸಾಬ್ ಮೂರು ಸಲ ಬಂದು ಏರಿಸು ಅಂದ್ರು. ಬರೆದು ಕೊಡಿ ಅಂದೆ. ಪಲ್ಟನ್ನಿನಲ್ಲಿ ಬಾಯಿಮಾತಿಗೆ ಬಾವುಟ ಏರೋದಿಲ್ಲ. ಯಾರ ಶೋಕ ಮುಗೀತು ಅಂತ ಹೆಸರು ಹಾಕಿ ಬರೀಬೇಕು. ಆ ಹೆಸರು ಇನ್ನೊಂದು ಸಲ ಬರೆಯೋದಕ್ಕೆ ಮೇಲೆ ಯಾರೂ ಒಪ್ತಾ ಇಲ್ಲ."

ಅವನು ಟೋಪಿ ಸರಿಮಾಡಿಕೊಂಡು ಮತ್ತೆ ಕಂಬದ ಬುಡಕ್ಕೆ ಹೋಗಿ ನೆಟ್ಟಗೆ ನಿಂತ. ಅವನ ತಲೆಯ ಮೇಲೆ ಅರ್ಧಕ್ಕಿಳಿದ ಬಾವುಟ, ಅದರ ಮೇಲೆ, ಒಂಬತ್ತನೆಯ ಮಹಡಿಯಲ್ಲಿ, ಅರ್ಧ ಒರೆಸಿದ ಗಾಜು.